ಪ್ಲಾಸ್ಟೆ ಅನ್ನಬಾರದು

2016ರ ಮಳೆಗಾಲ. ಕೊಚ್ಚಿಯ ಕಾಕ್ಕನಾಡಿನಲ್ಲಿ, ಇನ್ಫೋಪಾರ್ಕಿನಿಂದ ಇಪ್ಪತ್ತು ನಿಮಿಷ ನಡೆದರೆ ಸಿಗುತ್ತಿದ್ದ ಲೇಡೀಸ್ ಹಾಸ್ಟೆಲ್ಲಿನ ಮೂರನೇ ಮಹಡಿ. ರೂಮಿನಲ್ಲಿ ನಾವು ಮೂವರು: ಪಾಲಾದವಳೊಬ್ಬಳು, ಕೋಝಿಕ್ಕೋಡಿನವಳೊಬ್ಬಳು, ಕಾಸರಗೋಡಿನ ಬದಿಯಡ್ಕ ಕಡೆಯ ನಾನು. ಪಾಲಾದವಳ ಅಕ್ಕ ಜರ್ಮನಿಯಲ್ಲಿ ನರ್ಸ್. ತಂಗಿಗೂ ಅಲ್ಲಿಗೆ ಹೋಗುವ ಆಸೆ. "ಭಾಷೆ ಕಿವಿಗೆ ಬೀಳುತ್ತಿರಲಿ" ಅಂತ ಅಕ್ಕ ಹೇಳಿದ ಒಂದು ಟಿವಿ ಸರಣಿಯನ್ನು ಅವಳು ಶನಿವಾರ ರಾತ್ರಿ ಲ್ಯಾಪ್‌ಟಾಪಿನಲ್ಲಿ ಹಾಕಿದಳು. ನಾವಿಬ್ಬರೂ ಮಿಕ್ಸ್ಚರ್ ಪೊಟ್ಟಣ ಹಿಡಿದು ಪಕ್ಕದಲ್ಲಿ ಕೂತೆವು. ಅದು 'ಡಾಯ್ಚ್‌ಲಾಂಡ್ 83'.

2015ರಲ್ಲಿ ಬಂದ ಸರಣಿ ಅದು. ಆನ್ನಾ ವಿಂಗರ್ ಮತ್ತು ಯೋರ್ಗ್ ವಿಂಗರ್ ದಂಪತಿ ಸೃಷ್ಟಿಸಿದ್ದು. ಜರ್ಮನಿಯಲ್ಲಿ ಪ್ರಸಾರವಾಗುವ ಮೊದಲೇ ಅಮೆರಿಕದ ಚಾನೆಲ್ಲಿನಲ್ಲಿ, ಜರ್ಮನ್ ಭಾಷೆಯಲ್ಲೇ, ಸಬ್‌ಟೈಟಲ್ ಹಾಕಿ ತೋರಿಸಿದರು. ಮಾರ್ಟಿನ್ ರೌಖ್ ಎಂಬ ಹುಡುಗ ಪೂರ್ವ ಜರ್ಮನಿಯ ಗಡಿ ಕಾಯುವ ಸೈನಿಕ. ಅವನ ಅಮ್ಮನ ಸೋದರಿ ಲೆನೋರಾ ಗೂಢಚಾರ ಇಲಾಖೆಯವಳು. ಅಮ್ಮನಿಗೆ ಕಿಡ್ನಿ ಕಸಿ ಆಗಬೇಕು. ನೀನು ಪಶ್ಚಿಮಕ್ಕೆ ಹೋದರೆ ಅದಕ್ಕೆ ದಾರಿ ಆಗುತ್ತದೆ ಅನ್ನುತ್ತಾರೆ. ಮೋರಿಟ್ಸ್ ಶ್ಟಾಮ್ ಎಂಬ ಇನ್ನೊಬ್ಬನ ಹೆಸರು ಹೊತ್ತು ಅವನು ಪಶ್ಚಿಮದ ಒಬ್ಬ ಜನರಲ್ಲಿನ ಸಹಾಯಕನಾಗಿ ಸೇರುತ್ತಾನೆ. ನಿಜವಾದ ಶ್ಟಾಮ್ ಪಿಯಾನೋ ನುಡಿಸುವವನು. ಮಾರ್ಟಿನ್‌ಗೆ ಪಿಯಾನೋ ಬಾರದು. ಅದಕ್ಕೆ ಇವನ ಬೆರಳನ್ನೇ ಮುರಿಯುತ್ತಾರೆ.

ಬೆರಳು ಮುರಿದದ್ದಕ್ಕೆ ರೂಮಿನವರಿಬ್ಬರೂ ಅಯ್ಯೋ ಅಂದರು. ನನಗೆ ಚುಚ್ಚಿದ್ದು ಬೇರೆ. ಅವನಿಗೆ ಮಾತು ತಿದ್ದುತ್ತಾರೆ. ಪ್ಲಾಸ್ಟೆ ಅನ್ನಬಾರದು, ಪ್ಲಾಸ್ಟಿಕ್ ಅನ್ನಬೇಕು. ಕೌಫ್‌ಹಾಲೆ ಅಲ್ಲ, ಜೂಪರ್‌ಮಾರ್ಕ್ಟ್. ಭಾಷೆ ಒಂದೇ, ವ್ಯಾಕರಣ ಒಂದೇ, ಆದರೆ ನಲವತ್ತು ವರ್ಷ ಎರಡು ದೇಶವಾಗಿ ಬದುಕಿದ್ದಕ್ಕೆ ಅಂಗಡಿ, ಬಕೆಟ್ಟು, ಕೋಳಿಗಳಿಗೆ ಬೇರೆ ಬೇರೆ ಹೆಸರು ಹುಟ್ಟಿವೆ. ಆಮೇಲೆ ಹುಡುಕಿ ಓದಿದಾಗ ಗೊತ್ತಾಯಿತು, ಬಾಹ್ಯಾಕಾಶಕ್ಕೆ ಹೋದವನು ಪೂರ್ವದಲ್ಲಿ ಕಾಸ್ಮೊನಾಟ್, ಪಶ್ಚಿಮದಲ್ಲಿ ಆಸ್ಟ್ರೊನಾಟ್. ಸುಟ್ಟ ಕೋಳಿಗೆ ಪೂರ್ವದವರ ಮಾತು ಬ್ರಾಯ್ಲರ್! ನಮ್ಮೂರ ಕೋಳಿ ಅಂಗಡಿಯ ಬೋರ್ಡಿನ ಪದ ಪೂರ್ವ ಬರ್ಲಿನ್ನಿನ ಹೋಟೆಲಿನಲ್ಲೂ ಇತ್ತು ಅಂತ ಓದಿ ಒಬ್ಬಳೇ ನಕ್ಕಿದ್ದೆ.

ಆ ರಾತ್ರಿ ಮಾತ್ರ ನಗು ಬರಲಿಲ್ಲ. ಯಾಕೆಂದರೆ ಅಂಥದ್ದೇ ಒಂದು ಪಟ್ಟಿ ನನ್ನ ಫೋನಿನಲ್ಲೂ ಇತ್ತು.

ಬೆಳ್ಳಂ ಅಲ್ಲ, ವೆಳ್ಳಂ. ಓಳ್ ಅಲ್ಲ, ಅವಳ್. ಪಳಂ ಅಲ್ಲ, ನಾಲಿಗೆಯ ತುದಿಯನ್ನು ಹಿಂದಕ್ಕೆ ಮಡಚಿ, ಎಲ್ಲಿಗೂ ಮುಟ್ಟಿಸದೆ, ಪೞಂ.

ನಾನು ಕಲಿತದ್ದು ಕನ್ನಡ ಮಾಧ್ಯಮ. ಮನೆಯಲ್ಲಿ ಕನ್ನಡ, ಬಸ್‌ಸ್ಟ್ಯಾಂಡಿನಲ್ಲಿ ತುಳು, ಪೇಟೆಯಲ್ಲಿ ಕಾಸರಗೋಡಿನ ಮಲಯಾಳಂ. ಆ ಮಲಯಾಳದಲ್ಲಿ ನೀರು 'ಬೆಳ್ಳಂ'. ತೆಂಕಣ ಮಲಯಾಳದ 'ವ' ನಮ್ಮ ಕಡೆ ಎಷ್ಟೋ ಪದಗಳಲ್ಲಿ 'ಬ' ಆಗುತ್ತದೆ, ಕನ್ನಡದಲ್ಲಿ ಆಗುವ ಹಾಗೆಯೇ. ಕೊಚ್ಚಿಯ ಆಫೀಸಿನಲ್ಲಿ ಮೊದಲ ವಾರ ಕ್ಯಾಂಟೀನಿನಲ್ಲಿ ನೀರು ಕೇಳಿದಾಗ ಎರಡು ಮೇಜು ತಿರುಗಿ ನೋಡಿದ್ದವು. ಯಾರೂ ಕೆಟ್ಟದಾಗಿ ಏನೂ ಹೇಳಲಿಲ್ಲ. "ಮೋಳೆ, ವೀಡ್ ಎವಿಡೆಯಾ?" ಅಂತ ಕೇಳಿದರು. ಕಾಸರಗೋಡು ಅಂದೆ. "ಅದ್ ಕರ್ನಾಟಕಯಿಲ್ ಅಲ್ಲೇ?" ಅಂತ ನಕ್ಕರು. ಅಷ್ಟೇ. ಅವತ್ತು ರಾತ್ರಿ ಪಟ್ಟಿ ಮಾಡಲು ಶುರು ಮಾಡಿದೆ. ಆರು ತಿಂಗಳಲ್ಲಿ ನನ್ನ ಮಲಯಾಳಂ ಎಷ್ಟು ನಯವಾಯಿತೆಂದರೆ, ಹೊಸಬರು ನನ್ನನ್ನು ತ್ರಿಶ್ಶೂರಿನವಳೋ ಎರ್ನಾಕುಳಂನವಳೋ ಅಂತ ಕೇಳತೊಡಗಿದರು. ನಾನು ತಿದ್ದಲಿಲ್ಲ.

ಗೂಢಚಾರರ ಈ ಸುಳ್ಳು ಜೀವನಕ್ಕೆ ಜರ್ಮನ್‌ನಲ್ಲಿ ಲೆಗೆಂಡೆ ಅನ್ನುತ್ತಾರೆ. ಹುಟ್ಟಿದ ಊರು, ಓದಿದ ಶಾಲೆ, ಇಷ್ಟದ ತಿಂಡಿ, ಎಲ್ಲವನ್ನೂ ಹೊಲಿದು ಕೊಡುವ ಅಂಗಿ. ನನಗೆ ಯಾರೂ ಹೊಲಿದು ಕೊಡಲಿಲ್ಲ. ನಾನೇ ಹೊಲಿದುಕೊಂಡೆ.

ಅಂಗಿ ಹರಿದದ್ದು ಓಣಂ ದಿನ. ಆಫೀಸಿನಲ್ಲಿ ಸದ್ಯ ಏರ್ಪಾಡು. ಬಾಳೆಲೆ ಎಣಿಸುವ ಕೆಲಸ ನನಗೆ ಬಿತ್ತು. ಪಕ್ಕದಲ್ಲಿ ಚೆಂಡೆ, ಗದ್ದಲ. ಜೋರಾಗಿ ಎಣಿಸಿಕೊಂಡು ಹೋದೆ. ಅರುವತ್ತರ ಹತ್ತಿರ ಬಂದಾಗ ಟೀಮಿನ ಹುಡುಗ ಕೈ ಅಡ್ಡ ಹಿಡಿದ: "ನೀ ಕನ್ನಡಕ್ಕಾರಿಯಾ?" ಆಗ ನನ್ನ ಕಿವಿಗೆ ನನ್ನ ದನಿ ಕೇಳಿಸಿತು. ಐವತ್ತೇಳು, ಐವತ್ತೆಂಟು. ಜಗಳ ಮಾಡುವಾಗ ಮಲಯಾಳಂ ಬರುತ್ತದೆ, ಕೋಡ್ ಬರೆಯುವಾಗ ಇಂಗ್ಲಿಷ್ ಬರುತ್ತದೆ, ಎಣಿಸಲು ಮಾತ್ರ ಬದಿಯಡ್ಕದ ಒಂದನೇ ತರಗತಿಯೇ ಬರಬೇಕು. 2009ರ 'ಇನ್‌ಗ್ಲೋರಿಯಸ್ ಬಾಸ್ಟರ್ಡ್ಸ್' ಸಿನಿಮಾ ನೋಡಿದವರಿಗೆ ನೆನಪಿರಬಹುದು: ಜರ್ಮನ್ ವೇಷದ ಇಂಗ್ಲಿಷ್ ಅಧಿಕಾರಿ ಮೂರು ಗ್ಲಾಸು ಅಂತ ಬೆರಳು ತೋರಿಸುತ್ತಾನೆ, ಜರ್ಮನರು ಹೆಬ್ಬೆರಳಿನಿಂದ ಎಣಿಸುತ್ತಾರೆ, ಇವನು ತೋರುಬೆರಳಿನಿಂದ, ಕಥೆ ಮುಗಿಯಿತು. ನನ್ನ ಕಥೆಯಲ್ಲಿ ಗುಂಡು ಹಾರಲಿಲ್ಲ. ಎರಡು ಪಾಯಸ ಹೆಚ್ಚು ಬಡಿಸಿದರು.

ಇನ್ನು ಈಚೆ ಕಡೆಯ ಕಥೆ. ಒಂದು ಟ್ರೈನಿಂಗಿಗೆಂದು ಬೆಂಗಳೂರಿಗೆ ಹೋದಾಗ, ಅಬ್ಬ, ಇನ್ನು ಹದಿನೈದು ದಿನ ಯಾವ ಪಟ್ಟಿಯೂ ಬೇಡ ಅಂತ ಉಸಿರು ಬಿಟ್ಟಿದ್ದೆ. ಎರಡನೇ ದಿನ ಪಿಜಿಯ ಆಂಟಿಗೆ, "ಬಿಸಿನೀರು ಉಂಟಾ ಆಂಟಿ? ಇಲ್ಲದಿದ್ದರೆ ಎಂತ ಮಾಡುವುದು?" ಅಂದೆ. ಅವರು ಮುಖ ನೋಡಿದರು. "ನೀನು ಕೇರಳದವಳಲ್ವಾ? ಪರವಾಗಿಲ್ಲಮ್ಮ, ಕನ್ನಡ ಚೆನ್ನಾಗಿಯೇ ಕಲ್ತಿದ್ದೀಯ." ಮೆಚ್ಚಿಕೊಂಡೇ ಹೇಳಿದ್ದು. ನಾನು ಥ್ಯಾಂಕ್ಸ್ ಆಂಟಿ ಅಂದೆ. ಮರುದಿನದಿಂದ 'ಉಂಟು' ಹೋಗಿ 'ಇದೆ' ಬಂತು, 'ಎಂತ' ಹೋಗಿ 'ಏನು' ಬಂತು. ಫೋನಿನಲ್ಲಿ ಎರಡನೇ ಪಟ್ಟಿ ಶುರುವಾಯಿತು. 2018ರಲ್ಲಿ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಕಾಸರಗೋಡು' ಸಿನಿಮಾ ಬಂದ ಮೇಲೆ ಸ್ವಲ್ಪ ಸುಲಭವಾಯಿತು. "ಓ, ಆ ಸಿನಿಮಾದ ಊರಾ!" ಅನ್ನುತ್ತಾರೆ. ವಿವರಿಸುವ ಕೆಲಸ ಅರ್ಧ ತಪ್ಪಿತು.

ಈ ಜರ್ಮನ್ ಸರಣಿಗಳಲ್ಲಿ ಪದೇಪದೇ ಕೇಳುವ ಒಂದು ಪದ ಡ್ರ್ಯೂಬೆನ್. 'ಆಚೆ ಕಡೆ' ಅಂತ ಅರ್ಥ. ಪೂರ್ವದವರು ಪಶ್ಚಿಮಕ್ಕೂ, ಪಶ್ಚಿಮದವರು ಪೂರ್ವಕ್ಕೂ ಅದೇ ಪದ ಬಳಸುತ್ತಿದ್ದರು. ಸಬ್‌ಟೈಟಲ್‌ನಲ್ಲಿ ಕೆಲವೊಮ್ಮೆ ಅದು 'ಪಶ್ಚಿಮ' ಅಂತಲೋ 'ಅಲ್ಲಿ' ಅಂತಲೋ ಆಗಿ ಸಪ್ಪೆಯಾಗುತ್ತದೆ. ಒಂದೇ ಪದ ಎರಡು ದಿಕ್ಕಿಗೂ ಬೆರಳು ತೋರಿಸುವುದರಲ್ಲೇ ಅದರ ಅರ್ಥ ಇರುವುದು. ತಲಪಾಡಿ ಚೆಕ್‌ಪೋಸ್ಟಿನ ಎರಡೂ ಬದಿಯಲ್ಲಿ ಬಂಧುಗಳಿರುವ ನಮಗೆ ಇದನ್ನು ಯಾರೂ ಅನುವಾದಿಸಬೇಕಾಗಿಲ್ಲ.

ನಮ್ಮ ಗಡಿಗೆ ಗೋಡೆ ಇಲ್ಲ, ನಿಜ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಚಂದ್ರಗಿರಿ ಹೊಳೆಯ ಉತ್ತರದ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದು ಮಹಾಜನ ಆಯೋಗ 1967ರಲ್ಲಿ ಹೇಳಿತು. ವರದಿ ಜಾರಿಗೆ ಬರಲಿಲ್ಲ. ನಮ್ಮ ಬದಿಯಡ್ಕದಲ್ಲೇ ಇದ್ದ ಕವಿ ಕಯ್ಯಾರ ಕಿಞ್ಞಣ್ಣ ರೈಗಳು ಅದಕ್ಕಾಗಿ ಬದುಕಿಡೀ ಹೋರಾಡಿ, ನೂರು ತುಂಬಿಸಿ, 2015ರ ಆಗಸ್ಟಿನಲ್ಲಿ ತೀರಿಕೊಂಡರು. ಇದೆಲ್ಲ ನಮ್ಮ ಮನೆಯಲ್ಲಿ ಊಟದ ಹೊತ್ತಿನ ಮಾತು, ಅಪ್ಪ ಕನ್ನಡ ಮಾಸ್ತರಾಗಿದ್ದವರಾದ್ದರಿಂದ. ಪ್ರತಿ ನವೆಂಬರ್ 1ಕ್ಕೆ ನಾನು ಕಸವು ಸೀರೆ ಉಟ್ಟು ಆಫೀಸಿನಲ್ಲಿ ಕೇರಳ ಪಿರವಿ ಫೋಟೋಕ್ಕೆ ನಿಲ್ಲುತ್ತಿದ್ದೆ. ಅದೇ ಹೊತ್ತಿಗೆ ಅಪ್ಪನ ರಾಜ್ಯೋತ್ಸವದ ಮೆಸೇಜು ಫೋನಿನಲ್ಲಿ ಕುಂಯ್‌ಗುಡುತ್ತಿತ್ತು. ಫೋನನ್ನು ಮಗುಚಿ ಇಡುತ್ತಿದ್ದೆ.

ಈ ಮೆಸೇಜಿನ ವಿಷಯಕ್ಕೆ ಸರಿಯಾಗಿ ಹೊಂದುವ ಒಂದು ನಿಜ ಸಂಗತಿಯನ್ನು ಇಲ್ಲಿ ಹೇಳಬೇಕು. ಪೂರ್ವ ಜರ್ಮನಿಯ ಗ್ಯೂಂಟರ್ ಗಿಯೋಮ್ ಎಂಬ ಗೂಢಚಾರ ಹೆಂಡತಿಯ ಜೊತೆ ನಿರಾಶ್ರಿತನ ವೇಷದಲ್ಲಿ ಪಶ್ಚಿಮಕ್ಕೆ ದಾಟಿದ್ದು 1956ರಲ್ಲಿ, ನಾವು ಕೇರಳಕ್ಕೆ ದಾಟಿದ ಅದೇ ವರ್ಷ. ಮೆಲ್ಲಗೆ ಪಕ್ಷದ ಕೆಲಸ ಮಾಡುತ್ತ ಮೇಲೇರಿ ಕೊನೆಗೆ ಚಾನ್ಸಲರ್ ವಿಲಿ ಬ್ರಾಂಟ್ ಅವರ ಆಪ್ತ ಸಹಾಯಕನಾದ. 1974ರ ಏಪ್ರಿಲಿನಲ್ಲಿ ಸಿಕ್ಕಿಬಿದ್ದ, ಮೇ ತಿಂಗಳಲ್ಲಿ ಬ್ರಾಂಟ್ ರಾಜೀನಾಮೆ ಕೊಟ್ಟರು. ಅವನನ್ನು ಹಿಡಿದುಕೊಟ್ಟದ್ದು ಏನು ಗೊತ್ತೆ? ಐವತ್ತರ ದಶಕದಲ್ಲಿ ಪೂರ್ವದವರು ತಮ್ಮ ಗೂಢಚಾರರಿಗೆ ರೇಡಿಯೋದಲ್ಲಿ ಅಂಕಿಗಳ ಗುಪ್ತ ಸಂದೇಶ ಕಳಿಸುತ್ತಿದ್ದರು. ಅದರಲ್ಲಿ ಹುಟ್ಟುಹಬ್ಬದ ಶುಭಾಶಯವೂ ಇರುತ್ತಿತ್ತು, 1957ರಲ್ಲಿ ಮಗ ಹುಟ್ಟಿದಾಗ ಅಭಿನಂದನೆಯೂ ಹೋಗಿತ್ತು. ಪಶ್ಚಿಮದವರು ಆ ಸಂದೇಶಗಳನ್ನು ಬಿಡಿಸಿ ಇಟ್ಟುಕೊಂಡಿದ್ದರು. ವರ್ಷಗಳ ನಂತರ ಆ ತಾರೀಖುಗಳನ್ನು ಗಿಯೋಮ್ ಕುಟುಂಬದ ಹುಟ್ಟುಹಬ್ಬಗಳ ಜೊತೆ ಹೋಲಿಸಿದಾಗ ಎಲ್ಲವೂ ಕೂಡಿ ಬಂತು. ಇದರ ಮೇಲೆ 2003ರಲ್ಲಿ ಜರ್ಮನ್ ಟಿವಿಗೆ ಎರಡು ಭಾಗದ ಚಿತ್ರ ಬಂತು. ಅದರಲ್ಲಿ ಗಿಯೋಮ್ ಪಾತ್ರ ಮಾಡಿದವರು ಮಟಿಯಾಸ್ ಬ್ರಾಂಟ್, ಅದೇ ವಿಲಿ ಬ್ರಾಂಟ್ ಅವರ ಮಗ. ಅಪ್ಪನನ್ನು ಕೆಡವಿದವನ ಅಂಗಿಯನ್ನು ಮಗ ತೊಟ್ಟುಕೊಂಡದ್ದು. ಅದನ್ನು ಓದಿದ ದಿನ ನಾನು ಅಪ್ಪನ ಹಳೆಯ ಮೆಸೇಜುಗಳನ್ನೆಲ್ಲ ಮೇಲಿನಿಂದ ಕೆಳಗೆ ಮತ್ತೊಮ್ಮೆ ಓದಿದೆ.

2019ರಲ್ಲಿ ಕೆಲಸ ಬದಲಾಯಿಸಿ ತಿರುವನಂತಪುರಕ್ಕೆ ಹೋದೆ, ಟೆಕ್ನೋಪಾರ್ಕಿಗೆ. ಊರಿನಿಂದ ರೈಲಿನಲ್ಲಿ ಸುಮಾರು 600 ಕಿಲೋಮೀಟರ್. ಮಾವೇಲಿ ಎಕ್ಸ್‌ಪ್ರೆಸ್ಸಿನಲ್ಲಿ ಸಂಜೆ ಹತ್ತಿದರೆ ಬೆಳಗಾದ ಮೇಲೆ ಇಳಿಯುವುದು. ಸೆಕ್ರೆಟೇರಿಯಟ್ಟಿಗೆ ಅರ್ಜಿ ಹಿಡಿದು ಹೋಗುವ ನಮ್ಮೂರವರೂ ಅದೇ ರೈಲಿನಲ್ಲಿರುತ್ತಾರೆ. ಕೊಚ್ಚಿಯಲ್ಲಿ ಕಷ್ಟಪಟ್ಟು ಕಲಿತ ಮಲಯಾಳಂ ಇಲ್ಲಿ ಪುನಃ ಪರದೇಶಿಯಾಯಿತು. ಕೊಚ್ಚಿಯಲ್ಲಿ 'ಎಂದಾ' ಅನ್ನುವುದಕ್ಕೆ ಇಲ್ಲಿ 'ಎಂದರ್'. ಕೊಚ್ಚಿಯಲ್ಲಿ ಆಟೋದವರನ್ನು ಚೇಟ್ಟಾ ಅಂದು ರೂಢಿ. ಇಲ್ಲಿ ಮೊದಲ ದಿನವೇ ಪಕ್ಕದ ಹುಡುಗಿ ಆಟೋ ನಿಲ್ಲಿಸಿ "ಅಣ್ಣಾ" ಅಂದಳು. ನಾನು ಬೆಚ್ಚಿಬಿದ್ದೆ. ಈ ದಕ್ಷಿಣದ ತುದಿಯಲ್ಲಿ, ಮನೆಯಿಂದ ಇಷ್ಟು ದೂರದಲ್ಲಿ, ಅಣ್ಣ! ಪಟ್ಟಿಯಿಂದ ಹೊಡೆದುಹಾಕಿದ್ದ ಪದ ಯಾವ ವೇಷವೂ ಇಲ್ಲದೆ ಎದುರು ನಿಂತಿತ್ತು. ಆಟೋ ಹತ್ತಿ ಕೂತವಳು ಇಳಿಯುವವರೆಗೂ ಏನೇನೋ ನೆಪ ಮಾಡಿ ನಾಲ್ಕು ಸಲ ಅಣ್ಣಾ ಅಂದೆ.

ನಾನಿದ್ದ ಮನೆಯ ಅಮ್ಮಚ್ಚಿಗೆ ನಾನು ರಾತ್ರಿ ನೋಡುವ ಸರಣಿಗಳ ಬಗ್ಗೆ ಕುತೂಹಲ. ಗೂಢಚಾರರ ಕಥೆ ಅಂದಾಗ ಅವರ ಮುಖ ಗಂಭೀರವಾಯಿತು. "ಇಲ್ಲಿಯೂ ಒಂದು ನಡೆದಿತ್ತಲ್ಲ, ಚಾರಕ್ಕೇಸ್." 1994ರ ಕೊನೆಯಲ್ಲಿ ಈ ಊರಿನಲ್ಲಿ ಮಾಲ್ಡೀವ್ಸಿನ ಇಬ್ಬರು ಹೆಂಗಸರನ್ನೂ, ನಂಬಿ ನಾರಾಯಣನ್ ಸೇರಿದಂತೆ ಇಸ್ರೋ ವಿಜ್ಞಾನಿಗಳನ್ನೂ ಬಂಧಿಸಿದರು. ರಾಕೆಟ್ ರಹಸ್ಯ ಮಾರಿದರು ಅಂತ ಆರೋಪ. 1996ರಲ್ಲಿ ಸಿಬಿಐ ಇದರಲ್ಲಿ ಹುರುಳಿಲ್ಲ ಅಂದಿತು. 2018ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟು ನಂಬಿ ನಾರಾಯಣನ್ ಅವರಿಗೆ 50 ಲಕ್ಷ ರೂಪಾಯಿ ಪರಿಹಾರ ಕೊಡಿಸಿತು. ಅಷ್ಟು ಹೊತ್ತಿಗೆ ಇಪ್ಪತ್ತನಾಲ್ಕು ವರ್ಷ ಆಗಿತ್ತು. ಆಗಿನ ಪೇಪರುಗಳಲ್ಲಿ ಬಂದದ್ದನ್ನೆಲ್ಲ ನಾವೂ ನಂಬಿದ್ದೆವು, ಧಾರಾವಾಹಿಯ ಹಾಗೆ ಬೆಳಿಗ್ಗೆ ಕಾಯುತ್ತಿದ್ದೆವು ಅಂದರು ಅಮ್ಮಚ್ಚಿ. ಆಮೇಲೆ ಮೆಲ್ಲಗೆ, "ಆ ಹೆಂಗಸರ ಭಾಷೆ ಇಲ್ಲಿ ಯಾರಿಗೆ ಗೊತ್ತಿತ್ತು?" ಅಂದರು. ಅವತ್ತು ರಾತ್ರಿ ನಾನು ಯಾವ ಸರಣಿಯನ್ನೂ ಹಾಕಲಿಲ್ಲ.

2020ರ ಮಾರ್ಚಿನಲ್ಲಿ ನಮ್ಮ ಗಡಿಗೂ ಗೋಡೆ ಬಂತು. ಕೊರೊನಾ ಅಂತ ಕರ್ನಾಟಕ ಗಡಿ ಮುಚ್ಚಿತು. ಒಳದಾರಿಗಳಿಗೆ ಮಣ್ಣು ಸುರಿದರು. ಕಾಸರಗೋಡಿನ ಉತ್ತರ ಭಾಗದವರಿಗೆ ಆಸ್ಪತ್ರೆ ಅಂದರೆ ಮಂಗಳೂರು. ತಲಪಾಡಿಯಲ್ಲಿ ಆಂಬುಲೆನ್ಸುಗಳು ನಿಂತವು, ಚಿಕಿತ್ಸೆ ಸಿಗದೆ ಜನ ಸತ್ತ ಸುದ್ದಿ ಬಂತು, ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಅಪ್ಪನ ಹೃದಯದ ಚೆಕಪ್ ಆ ವಾರವೇ ಇತ್ತು. ನಾನು ತಿರುವನಂತಪುರದಲ್ಲಿ, ಅಪ್ಪ ಬದಿಯಡ್ಕದಲ್ಲಿ, ಡಾಕ್ಟರು ಮಂಗಳೂರಿನಲ್ಲಿ. ಮಾರ್ಟಿನ್ ರೌಖ್ ಅಮ್ಮನ ಕಿಡ್ನಿಗಾಗಿ ಗಡಿ ದಾಟುವುದು ಅದುವರೆಗೆ ನನಗೆ ಕಥೆ ಕಟ್ಟುವವರ ಉಪಾಯವಾಗಿ ಕಂಡಿತ್ತು. ಫೋನಿನಲ್ಲಿ ಅಪ್ಪ ಒಂದೇ ಮಾತು ಹೇಳಿದರು: "ಎರಡೂ ಕಡೆಯವರು ನಮ್ಮನ್ನು ಆಚೆ ಕಡೆಯವರು ಅಂದುಬಿಟ್ಟರಲ್ಲ ಮಗಾ." ಅದೃಷ್ಟಕ್ಕೆ ಮಾತ್ರೆ ಬದಲಾಯಿಸದೆಯೇ ಆ ತಿಂಗಳುಗಳು ಕಳೆದವು.

ಜರ್ಮನ್ ಕಲಿಯಲು ಸೇರಿದ್ದು ಅದಾದ ಮೇಲೆ, 2022ರಲ್ಲಿ. ಕಂಪನಿಯಲ್ಲಿ ಜರ್ಮನಿಯ ಪ್ರಾಜೆಕ್ಟು ಇತ್ತು, ಅಲ್ಲಿಗೆ ಹೋಗುವ ಅವಕಾಶವೂ ಇತ್ತು. ತಿರುವನಂತಪುರದಲ್ಲಿ ಜರ್ಮನ್ ತರಗತಿಗೆ ಕಾಲಿಟ್ಟರೆ ಕೇರಳದ ಒಂದು ಇಡೀ ತಲೆಮಾರು ಅಲ್ಲಿ ಕೂತಿರುತ್ತದೆ. ಹೆಚ್ಚಿನವರು ನರ್ಸುಗಳು, ರಾತ್ರಿ ಡ್ಯೂಟಿ ಮುಗಿಸಿ ಬಂದು ಕಣ್ಣುಜ್ಜುತ್ತ ಕ್ರಿಯಾಪದ ಬಾಯಿಪಾಠ ಮಾಡುವವರು. ಮೊದಲ ವಾರದ ಪಾಠವೇ ಪರಿಚಯ ಹೇಳುವುದು. ಹೆಸರು, ಊರು, ಮುಟರ್‌ಶ್ಪ್ರಾಖೆ, ಅಂದರೆ ತಾಯ್ನುಡಿ. ಸಾಲಿನಲ್ಲಿ ಹದಿನೆಂಟು ಮಂದಿ. ಮೈನೆ ಮುಟರ್‌ಶ್ಪ್ರಾಖೆ ಇಸ್ಟ್ ಮಲಯಾಳಂ. ಮೈನೆ ಮುಟರ್‌ಶ್ಪ್ರಾಖೆ ಇಸ್ಟ್ ಮಲಯಾಳಂ. ಹದಿನಾಲ್ಕನೆಯವಳು ನಾನು. ನಾನೂ ಅದನ್ನೇ ಹೇಳಿದೆ.

ಯಾರೂ ಒತ್ತಾಯ ಮಾಡಿರಲಿಲ್ಲ. ಬೇರೆ ಹೇಳಿದ್ದರೆ ಟೀಚರು ಎರಡು ಪ್ರಶ್ನೆ ಕೇಳುತ್ತಿದ್ದರು, ಅದಕ್ಕೆ ಬೇಕಾದಷ್ಟು ಜರ್ಮನ್ ನನ್ನಲ್ಲಿರಲಿಲ್ಲ. ಹಾಗಂತ ನನಗೇ ನಾನು ಸಮಾಧಾನ ಹೇಳಿಕೊಂಡೆ.

ಭಾಷೆ ಸ್ವಲ್ಪ ಬಂದ ಮೇಲೆ ಹಳೆಯ ಸರಣಿಗಳನ್ನು ಮತ್ತೆ ನೋಡಿದೆ. ಈಗ ಸಬ್‌ಟೈಟಲ್ ಬಿಟ್ಟುಹೋದದ್ದು ಕೇಳಿಸತೊಡಗಿತು. ಪೂರ್ವದ ಸೈನಿಕರು ಮೇಲಧಿಕಾರಿಯನ್ನು ಪದವಿಯ ಮುಂದೆ ಗೆನೋಸ್ಸೆ ಸೇರಿಸಿ ಕರೆಯುತ್ತಾರೆ. ಇಂಗ್ಲಿಷಿನಲ್ಲಿ ಅದು ಕಾಮ್ರೇಡ್. ನಾನಿದ್ದ ಊರಿನಲ್ಲಿ ಅದಕ್ಕೆ ನಿಜವಾದ ಪದ ಉಂಟು: ಸಖಾವ್. ಪಾಳಯಂನ ಚಹಾದಂಗಡಿಯಲ್ಲಿ ದಿನಕ್ಕೆ ನೂರು ಸಲ ಕೇಳುವ ಪದ. ತಮ್ಮ ಕಡೆಯ ಗೂಢಚಾರನನ್ನು ಪೂರ್ವದವರು ಗೂಢಚಾರ ಅನ್ನುತ್ತಿರಲಿಲ್ಲ. ಅವನು ಕುಂಡ್‌ಶಾಫ್ಟರ್, ದಾರಿ ನೋಡಿ ಬರುವವನು. ಸ್ಪಿಯೋನ್ ಅಂದರೆ ಶತ್ರುವಿನ ಕಡೆಯವನು ಮಾತ್ರ. ರೇಡಿಯೋದಲ್ಲಿ ಅಂಕಿ ಓದುವಾಗ ಎರಡಕ್ಕೆ ಟ್ಸ್ವೈ ಅನ್ನದೆ ಟ್ಸ್ವೊ ಅನ್ನುತ್ತಾರೆ, ಮೂರರ ಡ್ರೈ ಜೊತೆ ಗೊಂದಲ ಆಗಬಾರದಲ್ಲ. ಗಂಟೆ ಹೇಳುವುದಂತೂ ಬೇರೆಯೇ ಲೆಕ್ಕ. ನಾವು ಮುಗಿದ ಗಂಟೆಗೆ ಕೂಡಿಸುತ್ತೇವೆ: ಎರಡೂವರೆ, ಮಲಯಾಳದಲ್ಲಿ ರಂಡರ. ಜರ್ಮನರು ಬರಲಿರುವ ಗಂಟೆಯಲ್ಲಿ ಎಷ್ಟು ಪಾಲು ತುಂಬಿತು ಅಂತ ನೋಡುತ್ತಾರೆ: ಹಾಲ್ಬ್ ಡ್ರೈ, ಅರ್ಧ ಮೂರು, ಅಂದರೆ ಎರಡೂವರೆ. ಪೂರ್ವದಲ್ಲೂ ದಕ್ಷಿಣದ ಕೆಲವು ಕಡೆಗಳಲ್ಲೂ 2.15ಕ್ಕೂ 'ಕಾಲು ಮೂರು' ಅನ್ನುತ್ತಾರೆ. ಬೇರೆ ಕಡೆಯ ಜರ್ಮನರೇ ಇದಕ್ಕೆ ತಲೆ ಕೆರೆದುಕೊಳ್ಳುತ್ತಾರೆ. ನಾನು ಒಮ್ಮೆ ಹಾಲ್ಬ್ ಆಖ್ಟ್ ಅಂದದ್ದನ್ನು ಎಂಟೂವರೆ ಅಂದುಕೊಂಡು ಏಳೂವರೆಯ ಆನ್‌ಲೈನ್ ಪಾಠಕ್ಕೆ ಒಂದು ಗಂಟೆ ತಡವಾಗಿ ಹಾಜರಾದೆ.

ಜರ್ಮನ್ ಕಲಿಯುತ್ತಿದ್ದೇನೆ ಅಂದಾಗ ಅಪ್ಪನಿಗೆ ಎಲ್ಲಿಲ್ಲದ ಖುಷಿ. ವೀಸಾ, ಸಂಬಳ ಏನೂ ಕೇಳಲಿಲ್ಲ. "ಕಿಟ್ಟೆಲ್ಲರ ಭಾಷೆ!" ಅಂದರು. ನಮ್ಮ ಮನೆಯ ಅಲಮಾರಿನಲ್ಲಿ ಕಿಟ್ಟೆಲ್ ನಿಘಂಟಿನ ಮರುಮುದ್ರಣದ ಒಂದು ಪ್ರತಿ ಉಂಟು. ಮಂಗಳೂರಿನಲ್ಲಿ 1894ರಲ್ಲಿ ಮೊದಲು ಅಚ್ಚಾದದ್ದು. ಅದಕ್ಕೂ ಮೊದಲು 1843ರಲ್ಲಿ ಅಲ್ಲೇ ಕನ್ನಡದ ಮೊದಲ ಪತ್ರಿಕೆ ತಂದ ಮೋಗ್ಲಿಂಗ್ ಜರ್ಮನ್. ಮಲಯಾಳಕ್ಕೆ 1872ರಲ್ಲಿ ನಿಘಂಟು ಕೊಟ್ಟ ಗುಂಡರ್ಟ್ ಜರ್ಮನ್. ತರಗತಿಯಲ್ಲಿ ಎಲ್ಲರಿಗೂ ಗುಂಡರ್ಟ್ ಗೊತ್ತಿತ್ತು, ಟೀಚರು ಮೊದಲ ದಿನವೇ ಹೆಸರು ತೆಗೆದಿದ್ದರು. ಕಿಟ್ಟೆಲ್ ಹೆಸರು ಹೇಳಬಹುದಾಗಿದ್ದವಳು ನಾನೊಬ್ಬಳೇ. ಹೇಳಿರಲಿಲ್ಲ.

ಒಂದು ಭಾನುವಾರ ಅಪ್ಪನಿಗೆ ನನ್ನ ಹಳೆಯ ಪಟ್ಟಿಯ ಕಥೆ ಹೇಳಿದೆ. ಪಳಂ ಅಲ್ಲ, ಪೞಂ ಅಂದದ್ದೇ ತಡ ಅವರೊಳಗಿನ ಮಾಸ್ತರು ಎದ್ದರು. "ಆ ಅಕ್ಷರ ನಮ್ಮದೂ ಹೌದು ಮಾರಾಯ್ತಿ. ಹಳಗನ್ನಡದಲ್ಲಿ ಮೞೆ, ಏೞು ಅಂತಲೇ ಇದ್ದದ್ದು. ಕೇಶಿರಾಜ ಅದರ ಲೆಕ್ಕ ಇಟ್ಟಿದ್ದಾನೆ, ಕಿಟ್ಟೆಲ್ಲರು ನಿಘಂಟಿನಲ್ಲಿ ಗುರುತು ಹಾಕಿದ್ದಾರೆ. ನಾವು ಬಿಟ್ಟೆವು, ಅವರು ಇಟ್ಟುಕೊಂಡರು. ನೀನು ಕಳ್ಳರ ಹಾಗೆ ಯಾಕೆ ಕಲಿತದ್ದು?" ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಅವರೇ ಮಾತು ಬದಲಿಸಿ ಕೇಳಿದರು: "ಇರಲಿ. ನನ್ನ ಮಾತೃಭಾಷೆ ಕನ್ನಡ ಅಂತ ಜರ್ಮನಿನಲ್ಲಿ ಹೇಗೆ ಹೇಳುವುದು?"

ಫೋನು ಕಿವಿಯಲ್ಲಿಟ್ಟುಕೊಂಡು ನಾನು ಸ್ವಲ್ಪ ಹೊತ್ತು ಸುಮ್ಮನಿದ್ದೆ. ನೆಟ್‌ವರ್ಕ್ ಹೋಯಿತು ಅಂದುಕೊಂಡು ಅವರು ಹಲೋ ಹಲೋ ಅಂದರು.

ಹೇಳಿಕೊಟ್ಟೆ. ಅಪ್ಪ ಪದಪದವನ್ನೂ ಎರಡು ಸಲ ಕೇಳಿ, ಕನ್ನಡ ಅಕ್ಷರದಲ್ಲಿ ಬರೆದುಕೊಂಡರು. ಶ್ಪ್ರಾಖೆಯ 'ಖ' ಗಂಟಲಿನಿಂದ ಬರಬೇಕು ಅಂದೆ. ನಾಲ್ಕೈದು ಸಲ ಹೇಳಿ ನೋಡಿದರು. ಹಿಂದೆ ಅಮ್ಮ ನಗುವುದು ಕೇಳಿಸುತ್ತಿತ್ತು. ಆ ವಾಕ್ಯವನ್ನು ನನಗಿಂತ ಮೊದಲು ನನ್ನಪ್ಪ ಹೇಳಿದರು. ನಾನು ಅದುವರೆಗೆ ಒಮ್ಮೆಯೂ ಹೇಳಿರಲಿಲ್ಲ.

ಎ1 ಪರೀಕ್ಷೆಯ ಮಾತಿನ ಭಾಗದಲ್ಲಿ ಮೊದಲು ಪರಿಚಯ. ಎದುರಿಗೆ ಒಂದು ಕಾರ್ಡು, ಅದರಲ್ಲಿ ಹೆಸರು, ವಯಸ್ಸು, ದೇಶ, ವಾಸ, ಭಾಷೆಗಳು, ಕೆಲಸ, ಹವ್ಯಾಸ ಅಂತ ಬರೀ ಪದಗಳು. ಒಂದೊಂದಕ್ಕೆ ಒಂದೊಂದು ವಾಕ್ಯ ಹೇಳಬೇಕು. ಅಭ್ಯಾಸದಲ್ಲಿ ನಾನು ಮಲಯಾಳಂ, ಇಂಗ್ಲಿಷ್, ಹಿಂದಿ ಅಂತಲೇ ಹೇಳುತ್ತಿದ್ದೆ. ಕನ್ನಡವನ್ನು ಪಟ್ಟಿಯಿಂದಲೇ ಬಿಟ್ಟಿದ್ದೆ. ಪರೀಕ್ಷೆಯ ದಿನ ಪಕ್ಕದಲ್ಲಿ ತರಗತಿಯ ಮೂವರು ಇದ್ದರು. ನನ್ನ ಸರದಿ ಬಂದಾಗ, ಮೈನೆ ಮುಟರ್‌ಶ್ಪ್ರಾಖೆ ಇಸ್ಟ್ ಕನ್ನಡ ಅಂದೆ. ಆಮೇಲೆ ಮಲಯಾಳಂ, ತುಳು, ಇಂಗ್ಲಿಷ್, ಸ್ವಲ್ಪ ಹಿಂದಿ, ಈಗ ಸ್ವಲ್ಪ ಜರ್ಮನ್.

ಪರೀಕ್ಷಕಿ ತಲೆಯಾಡಿಸಿ ಏನೋ ಬರೆದುಕೊಂಡರು. ಅಷ್ಟೇ. ಮುಂದಿನವಳಿಗೆ ಕಾರ್ಡು ತಿರುಗಿಸಿದರು. ಹೊರಗೆ ಬಂದ ಮೇಲೆ ಕೊಲ್ಲಂ ಕಡೆಯ ನರ್ಸೊಬ್ಬಳು ಮಾತ್ರ ತೋಳು ಹಿಡಿದು, "ಚೇಚ್ಚಿ, ಒಂದು ವರ್ಷ ಪಕ್ಕದಲ್ಲೇ ಕೂತಿದ್ದೆನಲ್ಲ, ಯಾಕೆ ಹೇಳಲಿಲ್ಲ?" ಅಂತ ಮಲಯಾಳದಲ್ಲಿ ಕೇಳಿದಳು. ಅವಳ ದನಿಯಲ್ಲಿ ಇದ್ದದ್ದು ಅಚ್ಚರಿಗಿಂತ ಹೆಚ್ಚು ಬೇಸರ. ನಾನು ಯಾರಿಂದ ಅಡಗಿಕೊಂಡಿದ್ದೆನೋ ಅವರಿಗೆ ಹೀಗೂ ಅನ್ನಿಸಬಹುದು ಅಂತ ನನಗೆ ಹೊಳೆದಿರಲೇ ಇಲ್ಲ. ಇಬ್ಬರೂ ಪಕ್ಕದ ಅಂಗಡಿಗೆ ಹೋಗಿ ಚಹಾ ಕುಡಿದೆವು. ಅವಳು ಒಂದರಿಂದ ಹತ್ತು ಕನ್ನಡದಲ್ಲಿ ಎಣಿಸು ಅಂದಳು. ಏಳು ಬಂದಾಗ, "ಅದೊಂದು ಮಾತ್ರ ತಪ್ಪು" ಅಂತ ನಕ್ಕಳು. ಏೞು ಅಂತಲೂ ಇತ್ತು ಅಂತ ಕಿಟ್ಟೆಲ್ಲರ ಕಥೆ ಹೇಳಿದೆ.

ಕಾನೂನಿನಲ್ಲಿ ಕಾಸರಗೋಡಿನ ಕನ್ನಡಿಗರು ಸರ್ಕಾರಕ್ಕೆ ಕನ್ನಡದಲ್ಲೇ ಬರೆಯಬಹುದು, ಕನ್ನಡದಲ್ಲೇ ಉತ್ತರವನ್ನೂ ಕೇಳಬಹುದು. ಅಪ್ಪ ಈಗಲೂ ಕನ್ನಡದಲ್ಲೇ ಬರೆಯುತ್ತಾರೆ. ಉತ್ತರ ಮಲಯಾಳದಲ್ಲಿ ಬರುತ್ತದೆ. ಅದರ ಫೋಟೋ ತೆಗೆದು ನನಗೆ ಕಳಿಸುತ್ತಾರೆ, ನಾನು ಫೋನಿನಲ್ಲಿ ಓದಿ ಹೇಳುತ್ತೇನೆ. ಕಳೆದ ವಾರವೂ ಒಂದು ಬಂತು, ಜಾಗದ ತೆರಿಗೆಯದ್ದು. ಓದಿ ಮುಗಿಸಿದ ಮೇಲೆ ಸರ್ವೆ ನಂಬರನ್ನು ಮತ್ತೊಮ್ಮೆ ಹೇಳು ಅಂದರು. ಎರಡು, ಏಳು, ಎರಡು ಅಂತ ಶುರು ಮಾಡಿದೆ. ಆ ಕಡೆಯಿಂದ ಅಪ್ಪ ಸರಿಪಡಿಸಿದರು: "ಟ್ಸ್ವೊ ಅನ್ನು ಮಗಾ. ಇಲ್ಲದಿದ್ದರೆ ಮೂರು ಅಂತ ಬರೆದುಬಿಟ್ಟೇನು."